ರಾಜನ ಮೇಲೆ ದೂರು ಯಾರಿಗೆ ಹೇಳಬೇಕು?



ಲೋಹಾರಾ, ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ಮಕ್ಕಳ ಸುತ್ತ ರಾಜರಿಗೇನೂ ಬರವಿಲ್ಲ. ರಾತ್ರಿ ಅಜ್ಜಿ ಕನ್ನಡದಲ್ಲಿ ಹೇಳುವ ಕಥೆ ಶುರುವಾಗುವುದೇ 'ಒಂದ್ ಊರಾಗ ಒಬ್ಬ ರಾಜಾ ಇದ್ದ' ಅಂತ. ನಾಲ್ಕನೆಯ ಇಯತ್ತೆಗೆ ಬಂದರೆ ಇತಿಹಾಸದ ಪುಸ್ತಕ ಇಡಿಯಾಗಿ ಶಿವಾಜಿ ಮಹಾರಾಜರದು, ಅದೂ ಮರಾಠಿಯಲ್ಲಿ. ಬಸವ ಜಯಂತಿಯ ದಿನ ಬಿಜ್ಜಳನ ಹೆಸರು ಕಿವಿಗೆ ಬೀಳುತ್ತದೆ. ಶಾಲೆಯ ಪ್ರವಾಸ ಹೊರಟರೆ ನಳದುರ್ಗದ ಕೋಟೆ, ಉದಗೀರದ ಕೋಟೆ, ಔಸಾದ ಕೋಟೆ. ಮೊಬೈಲ್ ಹಿಡಿದರೆ ಸಿನಿಮಾದ ರಾಜರು. ಇಷ್ಟು ರಾಜರನ್ನು ಕಂಡ ಮಗುವನ್ನು 'ರಾಜ ಅಂದರೆ ಯಾರಪ್ಪಾ?' ಎಂದು ಕೇಳಿ ನೋಡಿ. ಕಿರೀಟ, ಕುದುರೆ, ಕತ್ತಿ ಎನ್ನುತ್ತದೆ. ಆ ಕುದುರೆಗೆ ಹುಲ್ಲು ಹಾಕಿದವರು ಯಾರು, ಹುಲ್ಲು ಯಾರ ಹೊಲದ್ದು ಎಂಬುದು ಅದರ ಕಥೆಯಲ್ಲಿ ಇರುವುದಿಲ್ಲ. ನಾವು ಹೇಳಿದ್ದರೆ ತಾನೇ ಇರುವುದು?

ಈ ಸೀಮೆಯಲ್ಲಿ ಪಾಠ ಹೇಳುತ್ತಾ ಬಂದ ನನಗೆ ಮಕ್ಕಳಿಂದ ಬಂದ ಪ್ರಶ್ನೆಗಳು ಬಹಳ. ಅವುಗಳಲ್ಲಿ ಒಂದನ್ನು ಮಾತ್ರ ಎಲ್ಲದಕ್ಕಿಂತ ಮೇಲೆ ಇಡುತ್ತೇನೆ. ಐದನೆಯ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: 'ಗುರುಜಿ, ಊರಾಗಿನವ್ರು ತ್ರಾಸ ಕೊಟ್ರ ಪೊಲೀಸ್ ಪಾಟೀಲಗ ಹೇಳ್ತಾರ. ಅವ ಕೇಳಲಿಲ್ಲಂದ್ರ ತಹಸೀಲದಾರಗ. ಅವನೂ ಕೇಳಲಿಲ್ಲಂದ್ರ ಕಲೆಕ್ಟರಗ. ರಾಜಾನೇ ತ್ರಾಸ ಕೊಟ್ರ ಯಾರಿಗಿ ಹೇಳಬೇಕ್ರಿ?' ರಾಜತ್ವದ ಪಾಠವನ್ನು ಎಲ್ಲಿಂದ ಶುರು ಮಾಡಬೇಕು ಎಂದು ಶಿಕ್ಷಕ ಮಿತ್ರರು ಕೇಳಿದಾಗಲೆಲ್ಲ ನಾನು ಈ ಪ್ರಶ್ನೆಯನ್ನೇ ಮುಂದಿಡುತ್ತೇನೆ. ಹಳೆಯ ರಾಜರಿಗೂ ಇದನ್ನು ಕೇಳಬಹುದು, ಇವತ್ತಿಗೂ ಸಿಂಹಾಸನದ ಮೇಲಿರುವವರಿಗೂ ಕೇಳಬಹುದು. ಕೇಳಿ ನೋಡೋಣ.

ಮೊದಲು ನಮ್ಮ ಮನೆಯಂಗಳದಿಂದಲೇ. ಲಾತೂರು ನಮ್ಮ ಮಕ್ಕಳಿಗೆ ಬಸ್ಸು ಹತ್ತಿ ಹೋಗುವ ಊರು, ದವಾಖಾನೆಯ ಊರು, ಟ್ಯೂಷನ್ನಿನ ಊರು. ರಾಷ್ಟ್ರಕೂಟ ದೊರೆಗಳು ತಮ್ಮ ಶಾಸನಗಳಲ್ಲಿ 'ಲಟ್ಟಲೂರಪುರವರಾಧೀಶ್ವರ' ಎಂದು ಕರೆದುಕೊಂಡರಲ್ಲ, ಆ ಲಟ್ಟಲೂರು ಇದೇ ಲಾತೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಆ ವಂಶದ ಅಮೋಘವರ್ಷ ನೃಪತುಂಗ ಪಟ್ಟಕ್ಕೆ ಬಂದದ್ದು 814ರಲ್ಲಿ, ಇನ್ನೂ ಹುಡುಗನಾಗಿದ್ದಾಗ. ಅರವತ್ತಕ್ಕೂ ಹೆಚ್ಚು ವರ್ಷ ಆಳಿದ. ಕಾವೇರಿಯಿಂದ ಗೋದಾವರಿಯವರೆಗೂ ಕನ್ನಡ ನಾಡು ಎಂದು ಹೇಳುವ 'ಕವಿರಾಜಮಾರ್ಗ' ಹುಟ್ಟಿದ್ದು ಅವನ ಆಸ್ಥಾನದಲ್ಲಿ. ನಮ್ಮ ಊರುಗಳು ಆ ಎಲ್ಲೆಯ ಒಳಗೇ ಬರುತ್ತವೆ. ಈ ಮಾತು ಹೇಳಿದಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು!

ಸಂಜಾನದ ತಾಮ್ರಶಾಸನ, 871ರದು, ಅಮೋಘವರ್ಷನ ಬಗ್ಗೆ ಇನ್ನೊಂದು ಸಂಗತಿ ಹೇಳುತ್ತದೆ. ಪ್ರಜೆಗಳಿಗೆ ಬಂದ ಆಪತ್ತು ನಿವಾರಣೆಯಾಗಲಿ ಎಂದು ಅವನು ತನ್ನ ಎಡಗೈ ಬೆರಳನ್ನು ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನಂತೆ. ಮಕ್ಕಳು ಉಸಿರು ಬಿಗಿಹಿಡಿದು ಕೇಳುವ ಪ್ರಸಂಗ ಇದು. ಇಲ್ಲಿ ಪಾಠ ನಿಲ್ಲಿಸಬಾರದು. ಇದನ್ನು ಬರೆಸಿದವರು ಯಾರು? ಅದು ಅವನದೇ ಕಾಲದ, ಅವನದೇ ಶಾಸನ. ರಾಜನ ವಿಷಯವನ್ನು ರಾಜನ ಕವಿ ಹೇಳುತ್ತಿದ್ದಾನೆ. ಬೆರಳು ಕೊಟ್ಟರೆ ಆಪತ್ತು ಹೋಗುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ, ಕೇಳಲಿ. ಆದರೂ ಆ ತಾಮ್ರಪಟ್ಟಿಯಿಂದ ಒಂದು ವಿಷಯ ತಿಳಿಯುತ್ತದೆ: ಪ್ರಜೆಗೆ ನೋವಾದರೆ ಅದು ರಾಜನ ಮೈಗೂ ತಟ್ಟಬೇಕು ಎಂಬ ನಿರೀಕ್ಷೆ ಈ ನೆಲದಲ್ಲಿ ಅಷ್ಟು ಹಿಂದೆಯೇ ಇತ್ತು. ನಿರೀಕ್ಷೆ ಇತ್ತು, ಕಾನೂನು ಇರಲಿಲ್ಲ. ಬೆರಳು ಕೊಡದ ರಾಜನನ್ನು ಯಾರೂ ಕೇಳುವ ಹಾಗಿರಲಿಲ್ಲ.

ರಾಜರು ಏನು ಊಟ ಮಾಡುತ್ತಿದ್ದರು ಎಂಬುದು ಮಕ್ಕಳ ಇನ್ನೊಂದು ಖಾಯಂ ಪ್ರಶ್ನೆ. ಅದಕ್ಕೂ ಉತ್ತರ ಹತ್ತಿರದಲ್ಲೇ ಇದೆ. ಉಮರ್ಗಾದಿಂದ ಸ್ವಲ್ಪ ದೂರದಲ್ಲಿರುವ ಬಸವಕಲ್ಯಾಣ ಆಗ ಚಾಲುಕ್ಯರ ಕಲ್ಯಾಣ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ರಚಿಸಿದ. ರಾಜ್ಯ ಗಳಿಸುವುದು, ಉಳಿಸುವುದು, ಆನೆ ಪಳಗಿಸುವುದು, ಸಂಗೀತ, ಆಟ, ಅಡುಗೆ ಎಲ್ಲ ಸೇರಿ ನೂರು ಅಧ್ಯಾಯ. ನಮ್ಮ ಇಡ್ಲಿಯ ಹಿರಿಯನಂತಿರುವ ಇಡ್ಡರಿಕೆ, ದೋಸೆ, ವಡೆ ಎಲ್ಲವೂ ಅದರಲ್ಲಿವೆ. ಇದನ್ನು ಕೇಳಿ ಬಾಯಲ್ಲಿ ನೀರೂರಿಸಿಕೊಂಡ ಮಕ್ಕಳಿಗೆ ಮುಂದಿನ ಪ್ರಶ್ನೆಯನ್ನು ನಾವೇ ಕೇಳಬೇಕು: ಅದೇ ದಿನ ನೇಗಿಲು ಹೊಡೆದವನ ಬುತ್ತಿಯಲ್ಲಿ ಏನಿತ್ತು? ನೂರು ಅಧ್ಯಾಯದ ಪುಸ್ತಕದಲ್ಲಿ ಅವನ ಬುತ್ತಿ ಬಿಚ್ಚಿ ತೋರಿಸುವ ಅಧ್ಯಾಯ ಇಲ್ಲ.

ಆ ಬುತ್ತಿಯವನ ದನಿ ಕೇಳಿದ್ದು ಅದೇ ಕಲ್ಯಾಣದಲ್ಲಿ, ಒಂದು ತಲೆಮಾರು ಕಳೆದ ಮೇಲೆ. ಬಿಜ್ಜಳ ಚಾಲುಕ್ಯರ ಸಿಂಹಾಸನ ಕಿತ್ತುಕೊಂಡಿದ್ದ. ಬಸವಣ್ಣ ಅವನ ಭಂಡಾರಿ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತೆಂದು ರಾಜ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆ ಕೊಟ್ಟ ಎಂದು ಶರಣರ ಪರಂಪರೆ ಹೇಳುತ್ತದೆ. ಆ ತಂದೆಯರು ಯಾರಿಗೆ ದೂರು ಹೇಳಬೇಕಿತ್ತು? ಮೇಲೆ ಇನ್ನೊಬ್ಬ ಇರಲಿಲ್ಲ. ನಮ್ಮ ಹುಡುಗಿಯ ಪ್ರಶ್ನೆಯ ಪೂರ್ತಿ ಭಾರ ತಿಳಿಯುವುದು ಇಲ್ಲಿ. ಮಕ್ಕಳು ಚಿಕ್ಕವರು, ಇಂಥ ಕ್ರೌರ್ಯ ಹೇಳಬಾರದು ಎನ್ನುವವರಿದ್ದಾರೆ. ಶಿಕ್ಷೆಯ ವಿವರ ಬೇಡ, ಒಪ್ಪುತ್ತೇನೆ. ಶಿಕ್ಷೆ ಕೊಟ್ಟವನೇ ನ್ಯಾಯಾಧೀಶನೂ ಆಗಿದ್ದ ಎಂಬುದನ್ನು ಮುಚ್ಚಿಡಬಾರದು.

ನಳದುರ್ಗಕ್ಕೆ ಹೋದಾಗ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಪಾಣಿಮಹಲ್. ಬೋರಿ ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡು, ಆ ಒಡ್ಡಿನ ಹೊಟ್ಟೆಯೊಳಗೆ ಕೋಣೆ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದ ಕೆಲಸ, 17ನೆಯ ಶತಮಾನದ ಆರಂಭದ್ದು. ಮಳೆಗಾಲದಲ್ಲಿ ನರ, ಮಾದಿ ಎಂಬ ಎರಡು ಧಾರೆಗಳು ಒಡ್ಡಿನ ಮೇಲಿಂದ ಧುಮುಕುವಾಗ ಒಳಗಿನ ಕೋಣೆಯಲ್ಲಿ ನಿಂತು ಕಿಟಕಿಯಿಂದ ನೋಡಿದರೆ ನೀರಿನ ಪರದೆ. ಒಳಗೆ ನೆಲ ಒಣಗಿಯೇ ಇರುತ್ತದೆ. ಸಂಗೀತಕ್ಕೆ ಮನಸ್ಸು ಕೊಟ್ಟು ಜಗದ್ಗುರು ಎನಿಸಿಕೊಂಡ ಸುಲ್ತಾನ ಅವನು. ಮಕ್ಕಳು ಆ ಗೋಡೆಯನ್ನು ಕೈಯಿಂದ ಮುಟ್ಟಲಿ. ಕಲ್ಲಿನ ಸಂದು ಎಷ್ಟು ಕಿರಿದು ನೋಡಲಿ, ಅದರಲ್ಲಿ ಬೆರಳುಗುರು ತೂರಿಸಿ ನೋಡಲಿ. ಆಮೇಲೆ ಇದನ್ನು ಕೂರಿಸಿದ ಕೈಗಳ ಬಗ್ಗೆ ಮಾತಾಡೋಣ. ರಾಜ ಕಟ್ಟಿಸಿದ ಎಂದು ಪುಸ್ತಕ ಬರೆಯುತ್ತದೆ, ಕಟ್ಟಿದವರು ಕಲ್ಲುಕುಟಿಗರು.

ಈಗ ನಮಗೆ ಎಲ್ಲರಿಗಿಂತ ಹತ್ತಿರದ ರಾಜನ ಹತ್ತಿರ ಬರೋಣ. ಅವನನ್ನು ನೋಡಲು ತಾಮ್ರಪಟ್ಟಿ ಬೇಡ. ಅವನ ಆಳ್ವಿಕೆಯಲ್ಲಿ ಹುಟ್ಟಿದ ಮುತ್ತಜ್ಜಿಯರು ಇಂದಿಗೂ ನಮ್ಮ ಊರುಗಳ ಕಟ್ಟೆಯ ಮೇಲೆ ಕೂತಿದ್ದಾರೆ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1911ರಲ್ಲಿ ಪಟ್ಟಕ್ಕೆ ಬಂದ. ನಮ್ಮ ಜಿಲ್ಲೆಗೆ ಮೊನ್ನೆಮೊನ್ನೆಯವರೆಗೆ ಇದ್ದ ಉಸ್ಮಾನಾಬಾದ್ ಎಂಬ ಹೆಸರು ಅವನದು. 2023ರಲ್ಲಿ ಅದು ಧಾರಾಶಿವ ಆಯಿತು. ಅವನ ಕಾಲದ ಹಾಲಿ ಸಿಕ್ಕಾ ರೂಪಾಯಿ ಯಾರ ಮನೆಯ ಪೆಟ್ಟಿಗೆಯಲ್ಲಾದರೂ ಸಿಕ್ಕರೆ ಶಾಲೆಗೆ ತರಿಸಿ. ಒಂದು ಬದಿ ಚಾರ್ಮಿನಾರ್. ಅದರ ಕಮಾನಿನ ಒಳಗೆ ಕಣ್ಣು ಕಿರಿದು ಮಾಡಿ ನೋಡಿದರೆ ಒಂದೇ ಒಂದು ಉರ್ದು ಅಕ್ಷರ ಕಾಣುತ್ತದೆ, 'ಐನ್'. ಉಸ್ಮಾನ್ ಎಂಬ ಹೆಸರಿನ ಮೊದಲ ಅಕ್ಷರ. ಜೋಳ ಮಾರಿ ಬಂದ ರೈತನ ಸೊಂಟದ ಚೀಲದಲ್ಲೂ ರಾಜನ ಹೆಸರು ಇರುತ್ತಿತ್ತು.

ಈ ನಿಜಾಮನ ಬಗ್ಗೆ ಮಕ್ಕಳಿಗೆ ಎರಡು ಥರದ ಕಥೆ ಸಿಗುತ್ತದೆ. ಒಂದು, ಜಗತ್ತಿನ ಅತಿ ಶ್ರೀಮಂತ. ಜೇಕಬ್ ವಜ್ರವನ್ನು ಕಾಗದದ ಮೇಲೆ ಒತ್ತುಕಲ್ಲಾಗಿ ಇಟ್ಟುಕೊಂಡವನು. ಆ ವಜ್ರ ಈಗ ಭಾರತ ಸರ್ಕಾರದ್ದು, 1995ರಲ್ಲಿ ಉಳಿದ ಆಭರಣಗಳ ಜೊತೆ ಕೊಂಡದ್ದು. ಇನ್ನೊಂದು, ಅವನು ಬರೀ ದುಷ್ಟ. ಎರಡೂ ಮಕ್ಕಳಿಗೆ ಸಾಲದು. ಮೂಸಿ ನದಿಯ 1908ರ ಪ್ರವಾಹದ ಮೇಲೆ ನಮ್ಮ ವಿಶ್ವೇಶ್ವರಯ್ಯನವರು ಕೊಟ್ಟ ಯೋಜನೆಯಂತೆ ಉಸ್ಮಾನ್ ಸಾಗರ ಕೆರೆ ಆದದ್ದು ಇದೇ ನಿಜಾಮನ ಕಾಲದಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರದು. ಇವು ನಿಜ. ರಾಜ್ಯದ ಬಹುಪಾಲು ಜನರ ತಾಯ್ನುಡಿ ತೆಲುಗು, ಮರಾಠಿ, ಕನ್ನಡವಾಗಿದ್ದರೂ ಆಡಳಿತವೂ ಆ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿ ನಡೆದವು, ಇದೂ ನಿಜ. ಸಾರ್ವಜನಿಕ ಸಭೆ ಕೂಡಿಸಲು ಮೊದಲೇ ಅಪ್ಪಣೆ ಬೇಕಿತ್ತು. ಆ ಆದೇಶಕ್ಕೆ 'ಗಷ್ತಿ ನಿಶಾನ್ 53' ಎಂದು ಹೆಸರು. ಹತ್ತು ಜನ ಕೂತು ರಾಜ್ಯದ ಮಾತು ಆಡಬೇಕಾದರೆ ಆ ರಾಜ್ಯದವರನ್ನೇ ಕೇಳಬೇಕು. ದೂರು ಹೇಳುವ ಬಾಯಿಗೇ ಬೀಗ.

ಆಗ ಬಾಯಿ ತೆರೆದದ್ದು ಎಲ್ಲಿ ಗೊತ್ತೆ? ಒಂದು ಶಾಲೆಯಲ್ಲಿ, ನಮ್ಮ ಲೋಹಾರಾ ತಾಲೂಕಿನಲ್ಲೇ! ಹಿಪ್ಪರಗಾ ಎಂಬ ಸಣ್ಣ ಊರು. ಅಲ್ಲಿ 1921ರಲ್ಲಿ ರಾಷ್ಟ್ರೀಯ ಶಾಲೆ ತೆರೆಯಿತು. ಪಕ್ಕದ ಅಚಲೇರದ ಕುಲಕರ್ಣಿ ಮನೆತನದವರು ಕಟ್ಟಿದ್ದು. ಕೆಲವು ವರ್ಷಗಳ ಮೇಲೆ ಅಲ್ಲಿಗೆ ಮುಖ್ಯಾಧ್ಯಾಪಕರಾಗಿ ಬಂದವರು ವ್ಯಂಕಟರಾವ್ ಖೇಡಗೀಕರ್. 1903ರಲ್ಲಿ ನಮ್ಮ ಕನ್ನಡ ನೆಲದಲ್ಲೇ ಹುಟ್ಟಿದವರು, ಮುಂಬಯಿಯಲ್ಲಿ ಕಾರ್ಮಿಕ ಮುಖಂಡ ಎನ್. ಎಂ. ಜೋಶಿಯವರ ಜೊತೆ ದುಡಿದು ಬಂದವರು. ಹಿಪ್ಪರಗಾದಲ್ಲಿದ್ದಾಗಲೇ ಸಂನ್ಯಾಸ ತೆಗೆದುಕೊಂಡು ಸ್ವಾಮಿ ರಮಾನಂದ ತೀರ್ಥರಾದರು. ಆ ಮೇಲೆ ಅಂಬಾಜೋಗಾಯಿಯ ಶಾಲೆ. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸರಿಯಾಗಿ ಹುಟ್ಟುವ ಮೊದಲೇ ನಿಷೇಧ, ಸತ್ಯಾಗ್ರಹ, ಸ್ವಾಮೀಜಿ ಜೈಲಿಗೆ. ಒಬ್ಬ ಹೆಡ್‌ಮಾಸ್ತರ ಒಬ್ಬ ರಾಜನ ಎದುರು ನಿಂತ ಈ ಕಥೆ ಲೋಹಾರಾದ ಮಗುವಿಗೆ ಲಂಡನ್ನಿನ, ಫ್ರಾನ್ಸಿನ ಕಥೆಗಿಂತ ಮೊದಲು ಗೊತ್ತಾಗಬೇಕು. ಹಿಪ್ಪರಗಾಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಕೋಟೆಗೆ ಕೊಡುವ ಒಂದು ದಿನದ ಪ್ರವಾಸದಲ್ಲಿ ಅರ್ಧ ದಿನ ಈ ಊರಿಗೆ ಸಲ್ಲಬೇಕು.

ಮುಂದಿನದು ಹಿರಿಯರಿಗೆ ಗೊತ್ತು. ಬ್ರಿಟಿಷರು ಹೋಗುವಾಗ ನಿಜಾಮ ಭಾರತಕ್ಕೂ ಸೇರಲಿಲ್ಲ, ಪಾಕಿಸ್ತಾನಕ್ಕೂ ಸೇರಲಿಲ್ಲ. 1947ರ ನವೆಂಬರಿನಲ್ಲಿ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ. ಅಷ್ಟರಲ್ಲಿ ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದ ಕಾಸಿಂ ರಜವಿಯ ಪಡೆ, ನಿಜಾಮನ ಪರ ನಿಂತ ರಜಾಕಾರರು, ಊರೂರು ಸುಲಿದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು, ಪೊಲೀಸ್ ಆ್ಯಕ್ಷನ್ ಎನ್ನುವುದು ಇದನ್ನೇ. ಬಾನುಲಿಯ ಕೇಳುಗರಿಗೆ ಇದೊಂದು ಸಂಗತಿ ಹೇಳಲೇಬೇಕು: 17ರ ಸಂಜೆ ಯುದ್ಧ ನಿಲ್ಲಿಸಿದ್ದೇನೆಂದು ನಿಜಾಮ ಪ್ರಜೆಗಳಿಗೆ ತಿಳಿಸಿದ್ದು ರೇಡಿಯೋದಲ್ಲಿ. ಫರ್ಮಾನುಗಳ ಮೂಲಕ ಮಾತ್ರ ಮಾತಾಡುತ್ತಿದ್ದ ದೊರೆ ಮೈಕಿನ ಮುಂದೆ ಕೂತಿದ್ದ. ಇವತ್ತು ಸೆಪ್ಟೆಂಬರ್ 17 ಈ ಕಡೆ ಮರಾಠವಾಡಾ ಮುಕ್ತಿಸಂಗ್ರಾಮ ದಿನ, ಗಡಿಯಾಚೆ ಆಳಂದ, ಬಸವಕಲ್ಯಾಣದಲ್ಲಿ ಕಲ್ಯಾಣ ಕರ್ನಾಟಕ ಉತ್ಸವ. ಅಣ್ಣನ ಮಕ್ಕಳು ಅಲ್ಲಿ, ತಮ್ಮನ ಮಕ್ಕಳು ಇಲ್ಲಿ, ಒಂದೇ ದಿನ ಧ್ವಜಕ್ಕೆ ಸಲಾಮು ಹಾಕುತ್ತಾರೆ.

ಈ ಪಾಠದಲ್ಲಿ ಬಹಳ ಎಚ್ಚರದಿಂದ ಹೇಳಬೇಕಾದ ಪುಟ ಒಂದಿದೆ, ಹಾರಿಸಿ ಓದುವ ರೂಢಿಯ ಪುಟ. ಸೈನ್ಯ ಬಂದ ಮೇಲಿನ ದಿನಗಳಲ್ಲಿ ರಜಾಕಾರರ ಮೇಲಿನ ಸಿಟ್ಟು ಏನೂ ತಪ್ಪು ಮಾಡದ ಮುಸಲ್ಮಾನ ನೆರೆಹೊರೆಯವರ ಮೇಲೆ ತಿರುಗಿತು. ಪ್ರಧಾನಿ ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಅತಿ ಹೆಚ್ಚು ಹಾನಿಯಾದ ಜಿಲ್ಲೆಗಳೆಂದು ಹೆಸರಿಸಿದ್ದು ನಾಲ್ಕನ್ನು: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ. ಆಗ ಉದಗೀರ, ನಿಲಂಗಾ ಎರಡೂ ಬೀದರ ಜಿಲ್ಲೆಯಲ್ಲಿದ್ದವು. ಅಂದರೆ ನಾನು ಇವತ್ತು ಹೆಸರಿಸಿದ ನಾಲ್ಕೂ ಊರುಗಳು ಆ ಪಟ್ಟಿಯ ಜಿಲ್ಲೆಗಳ ಒಳಗೇ ಬರುತ್ತವೆ. ರಾಜನ ಧರ್ಮ ಯಾವುದೋ ಆ ಧರ್ಮದ ಬಡವ ಆಳುವವನಾಗುವುದಿಲ್ಲ. ನಿಜಾಮನ ಕಾಲದಲ್ಲಿ ಬಂಡಿ ಹೊಡೆದ, ಹತ್ತಿ ಹಿಂಜಿದ ಮುಸಲ್ಮಾನನೂ ಪ್ರಜೆಯೇ ಆಗಿದ್ದ, ಅವನ ದೂರಿಗೂ ಕಿವಿ ಇರಲಿಲ್ಲ. ಒಂದೇ ಬೆಂಚಿನ ಮೇಲೆ ಕೂತ ಪಾಟೀಲರ ಹುಡುಗನಿಗೂ ಪಿಂಜಾರರ ಹುಡುಗನಿಗೂ ಈ ಮಾತನ್ನು ಒಟ್ಟಿಗೆ, ಒಂದೇ ದನಿಯಲ್ಲಿ ಹೇಳದಿದ್ದರೆ ನಾವು ಇತಿಹಾಸ ಕಲಿಸಿದಂತೆ ಆಗುವುದಿಲ್ಲ, ಹಗೆ ಕಲಿಸಿದಂತೆ ಆಗುತ್ತದೆ.

ಸೋತ ರಾಜನನ್ನು ಏನು ಮಾಡಿದರು? ಮಕ್ಕಳು ಕೇಳಿಯೇ ಕೇಳುತ್ತಾರೆ. 1950ರಿಂದ 1956ರವರೆಗೆ ಅವನು ಅದೇ ಹೈದರಾಬಾದಿಗೆ ರಾಜಪ್ರಮುಖನಾಗಿದ್ದ, ಮಂತ್ರಿಗಳು ಹೇಳಿದಂತೆ ಸಹಿ ಹಾಕುವ ಕೆಲಸ. ಅದೇ ಹೊತ್ತಿನಲ್ಲಿ ಅವನ ಜೈಲಿನಲ್ಲಿದ್ದ ರಮಾನಂದ ತೀರ್ಥರು 1952ರ ಚುನಾವಣೆಯಲ್ಲಿ ಗುಲ್ಬರ್ಗಾದಿಂದ ಗೆದ್ದು ಲೋಕಸಭೆಗೆ ಹೋದರು. ರಾಜರಿಗೆ ಕೊಡುತ್ತಿದ್ದ ರಾಜಧನ 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ನಿಂತಿತು. ಮೈಸೂರು ಅರಮನೆಯ ಯದುವೀರ ಒಡೆಯರ್ 2024ರಲ್ಲಿ ಮನೆಮನೆಗೆ ಕೈಮುಗಿದು ಮತ ಕೇಳಿ ಸಂಸದರಾದರು.

ಒಳ್ಳೆಯ ರಾಜರೂ ಇದ್ದರಲ್ಲ ಎಂದು ನೀವು ಕೇಳಬಹುದು. ಇದ್ದರು. ಕೊಲ್ಹಾಪುರದ ಶಾಹೂ ಮಹಾರಾಜರು 1902ರಲ್ಲಿ ಹಿಂದುಳಿದವರಿಗೆ ನೌಕರಿಯಲ್ಲಿ ಅರ್ಧ ಪಾಲು ಕೊಟ್ಟರು, 1917ರಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಎಂದರು. ಅವರ ಹೆಸರು ಹೇಳುವಾಗ ನನ್ನ ಕೈ ತಾನೇ ಮುಗಿಯುತ್ತದೆ. ಆದರೂ ಮಕ್ಕಳಿಗೆ ಒಂದನ್ನು ಬಿಡಿಸಿ ಹೇಳುತ್ತೇನೆ: ಕೊಲ್ಹಾಪುರದ ಪ್ರಜೆಗೆ ಶಾಹೂ ಸಿಕ್ಕದ್ದು ಅವನ ಅದೃಷ್ಟ. ಅದೇ ವರ್ಷಗಳಲ್ಲಿ ಲೋಹಾರಾದಲ್ಲಿ ಹುಟ್ಟಿದ ಮಗುವಿಗೆ ಆ ಅದೃಷ್ಟ ಇರಲಿಲ್ಲ. ಕಾನೂನಾಗಿದ್ದರೆ ಇಬ್ಬರಿಗೂ ಸಿಗುತ್ತಿತ್ತು.

ಇಂದು ಲೋಕದಲ್ಲಿ ರಾಜರು ಇಲ್ಲವೆಂದು ನಮ್ಮ ಎಷ್ಟೋ ಮಕ್ಕಳು ತಿಳಿದಿದ್ದಾರೆ. ಇದ್ದಾರೆ, ಬಗೆಬಗೆಯಾಗಿ ಇದ್ದಾರೆ. ಇಂಗ್ಲೆಂಡಿನ ಜನ 1649ರಲ್ಲಿ ತಮ್ಮ ರಾಜ ಮೊದಲನೆಯ ಚಾರ್ಲ್ಸನನ್ನು ವಿಚಾರಣೆಗೆ ನಿಲ್ಲಿಸಿ ತಲೆ ತೆಗೆಸಿದರು. ಅದೇ ದೇಶದಲ್ಲಿ 2023ರ ಮೇ 6ರಂದು ಮೂರನೆಯ ಚಾರ್ಲ್ಸನ ಪಟ್ಟಾಭಿಷೇಕ ಆಯಿತು. ಇವನು ಸಂಸತ್ತಿನಲ್ಲಿ ಓದುವ ಭಾಷಣ ಮಂತ್ರಿಗಳು ಬರೆದುಕೊಟ್ಟದ್ದು. ಮಲೇಷ್ಯಾದಲ್ಲಿ ಒಂಬತ್ತು ಮನೆತನದ ರಾಜರಿದ್ದು, ಐದೈದು ವರ್ಷಕ್ಕೆ ಒಬ್ಬೊಬ್ಬರು ಇಡೀ ದೇಶದ ರಾಜರಾಗುತ್ತಾರೆ. ಇದನ್ನು ಕೇಳಿದ ಹುಡುಗನೊಬ್ಬ 'ನಮ್ಮ ಓಣಿ ನಳದ ಪಾಳಿ ಇದ್ದಂಗ ಅದ' ಅಂದ. ಅವನಿಗಿಂತ ಚೆನ್ನಾಗಿ ನಾನು ವಿವರಿಸಲಾರೆ. ಸೌದಿ ಅರೇಬಿಯಾದಲ್ಲಿ ರಾಜನ ಮಾತೇ ಇಂದಿಗೂ ಕೊನೆಯ ಮಾತು. ಥಾಯ್ಲೆಂಡಿನಲ್ಲಿ ರಾಜನನ್ನು ಅವಮಾನಿಸಿದರೆ ಒಂದೊಂದು ಮಾತಿಗೂ ಮೂರರಿಂದ ಹದಿನೈದು ವರ್ಷ ಜೈಲು. ನೇಪಾಳ 2008ರ ಮೇ ತಿಂಗಳಲ್ಲಿ ರಾಜನೇ ಬೇಡವೆಂದು ತೀರ್ಮಾನಿಸಿತು.

ಅದೇ 2008ರಲ್ಲಿ ನೆರೆಯ ಭೂತಾನ ಬೇರೆ ದಾರಿ ಹಿಡಿಯಿತು. ಅಲ್ಲಿ ಸಂವಿಧಾನ ತರಲು ಮುಂದಾದವನು ರಾಜನೇ. ಅದರ ಪ್ರಕಾರ ಅರವತ್ತೈದು ತುಂಬಿದ ರಾಜ ಸಿಂಹಾಸನ ಬಿಡಬೇಕು. ರಾಜ ಬೇಕೆಂತಲೇ ಸಂವಿಧಾನ ಮೀರಿದರೆ ಸಂಸತ್ತಿನ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಒಪ್ಪಿ, ಆ ಮೇಲೆ ಜನಮತ ಪಡೆದು ಅವನನ್ನು ಇಳಿಸಬಹುದು. ನಮ್ಮ ಹುಡುಗಿಯ ಪ್ರಶ್ನೆಗೆ ಒಂದು ದೇಶ ಬರಹದಲ್ಲಿ ಕೊಟ್ಟ ಉತ್ತರ ಇದು. ಭೂಪಟದಲ್ಲಿ ಭೂತಾನ ತೋರಿಸುವಾಗ ಅದರ ಬೆಟ್ಟಗಳ ಜೊತೆಗೆ ಈ ಕಲಮನ್ನೂ ಹೇಳಿ.

ನಿಜಾಮ ಹೋಗಿ ಎಪ್ಪತ್ತೈದು ವರ್ಷ ದಾಟಿದರೂ ಅವನ ಕಾಗದ ಹೋಗಿಲ್ಲ. ಮರಾಠಾ ಮೀಸಲಾತಿಯ ವಿಷಯದಲ್ಲಿ 2023ರಿಂದ ಮರಾಠವಾಡಾದ ಕಚೇರಿಗಳಲ್ಲಿ ಅಧಿಕಾರಿಗಳು ಹುಡುಕಿದ್ದು ನಿಜಾಮ ಕಾಲದ ಉರ್ದು, ಮೋಡಿ ದಾಖಲೆಗಳನ್ನೇ. 2025ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಗೆಜೆಟಿಯರಿನ ಆಧಾರದ ಮೇಲೆ ಸರ್ಕಾರಿ ಆದೇಶವೂ ಹೊರಟಿತು. ಮಕ್ಕಳ ಅಡ್ಡಹೆಸರುಗಳನ್ನೇ ನೋಡಿ: ಪಾಟೀಲ, ಕುಲಕರ್ಣಿ, ದೇಶಮುಖ, ಇನಾಮದಾರ. ಹಾಜರಿ ಕೂಗಿದರೆ ಅರ್ಧ ರಾಜ್ಯಾಡಳಿತ ಎದ್ದು ನಿಲ್ಲುತ್ತದೆ. ಮನೆಮನೆಯ ಗೂಡಿನಲ್ಲಿ ಹಳೆಯ ಪಾವತಿ, ಸನದು, ಖಾಸರಾ ಪಾಹಣಿ ಇನ್ನೂ ಇವೆ. ಓದುವವರಿಲ್ಲದೆ ಗೆದ್ದಲು ತಿನ್ನುತ್ತಿವೆ.

ಅದಕ್ಕೇ ತಂದೆತಾಯಿಗಳಲ್ಲೂ ಶಿಕ್ಷಕರಲ್ಲೂ ನನ್ನ ಬೇಡಿಕೆ ಇಷ್ಟು. ಪೊಲೀಸ್ ಆ್ಯಕ್ಷನ್ ಆದಾಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಈ ದೀಪಾವಳಿ ರಜೆಯಲ್ಲಿ ಮಕ್ಕಳನ್ನು ಒಂದು ವಹಿ, ಒಂದು ಪೆನ್ನಿನ ಜೊತೆ ಅವರ ಹತ್ತಿರ ಕಳಿಸಿ. 'ಆಯಿ, ಆಗ ಪಟ್ಟಿ ಎಷ್ಟು ಕೊಡ್ತಿದ್ರಿ? ಯಾರಿಗಿ ಕೊಡ್ತಿದ್ರಿ? ಬೆಳಿ ಬರಲಿಲ್ಲಂದ್ರ ಏನ್ ಮಾಡ್ತಿದ್ರಿ? ರಜಾಕಾರರು ಬಂದಾಗ ನಿಮ್ಮನ್ನ ಯಾರು ಅಡಗಿಸಿಟ್ರು? ಆಮ್ಯಾಲ ನೀವು ಯಾರನ್ನ ಅಡಗಿಸಿಟ್ರಿ?' ಎಂದು ಕೇಳಲಿ. ಕೇಳಿದ್ದನ್ನು ಕನ್ನಡದಲ್ಲೋ ಮರಾಠಿಯಲ್ಲೋ ತಮಗೆ ಬಂದ ಲಿಪಿಯಲ್ಲಿ ಬರೆಯಲಿ. ಕೆಳಗೆ ಊರಿನ ಹೆಸರು, ತಾರೀಖು ಹಾಕಲಿ. ಶಾಲೆಯ ಕಪಾಟಿನಲ್ಲಿ ಶಿವಾಜಿ ಮಹಾರಾಜರ ಪುಸ್ತಕದ ಪಕ್ಕದಲ್ಲೇ ಆ ವಹಿಗೂ ಜಾಗ ಮಾಡಿ ಕೊಡಿ.